ಹಳೆಯ ಜೀಪಿನ ಮಂಕು ದೀಪ ಮತ್ತು ಪೆಟ್ರೋಲಿನ ಮುಳ್ಳು

1941ರಿಂದ 1945ರವರೆಗೆ ಅಮೆರಿಕಾ ದೇಶದಲ್ಲಿ ಯುದ್ಧಕ್ಕಾಗಿ ತಯಾರಾದ ವಿಲ್ಲೀಸ್ ಎಂ.ಬಿ. ಜೀಪುಗಳನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡಿರುವ ಜಮೀನುದಾರರುಂಟು. ದೀಪ ಮಂಕಾದರೆ ಬ್ಯಾಟರಿಯನ್ನೂ, ಪೆಟ್ರೋಲಿನ ಮುಳ್ಳು ಅಲುಗದಿದ್ದರೆ ಗೇಜನ್ನೂ ಹೊಸದಾಗಿ ಕೊಳ್ಳುವುದು ಅನೇಕರ ವಾಡಿಕೆ. ಇದು ಬಹುಮಟ್ಟಿಗೆ ವ್ಯರ್ಥವಾದ ವೆಚ್ಚ.

ನನ್ನ ಸರ್ಕೀಟಿಗೆ ಸೇರಿದ ಗ್ರಾಮವೊಂದರಲ್ಲಿ ಪಟೇಲರ ಮನೆತನದ ಯಜಮಾನರು ಜಾತ್ರೆಗೆಂದು ಜೀಪಿಗೆ ಹೊಸ ಬಣ್ಣ ಹಾಕಿಸಿದರು. ಅಂದಿನಿಂದ ಮುಂದಿನ ದೀಪಗಳು ಹರಳೆಣ್ಣೆಯ ಹಣತೆಯಂತೆ ಕೆಂಪಗೆ ಉರಿಯತೊಡಗಿದವು. ಒಂದು ರಾತ್ರಿ ನಾನೂ ಜೊತೆಯಲ್ಲಿರಲು, ಕಾಲುವೆಯ ಏರಿಯ ತಿರುವು ಕಾಣದೆ ಗಾಡಿಯು ಅಂಚಿನಲ್ಲಿ ಹೋಗಿ ನಿಂತಿತು. ವೈರಿಂಗನ್ನೆಲ್ಲ ಬದಲಿಸಬೇಕೆಂದು ಪೇಟೆಯ ಮಿಸ್ತ್ರಿಯೊಬ್ಬನು ಹೇಳಿದ್ದನು. ಮರುದಿನ ದೀಪದ ಅರ್ತ್ ತಂತಿಯನ್ನು ಬಿಗಿದಿದ್ದ ತಿರುಪನ್ನು ಕಳಚಿ, ಅದರಡಿಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿಯಲಾಗಿ ದೀಪಗಳು ಮೊದಲಿನಂತಾದವು.

ಕಾರಣವಿಷ್ಟೆ. ವಿದ್ಯುತ್ತು ತಂತಿಯಲ್ಲಿ ದೀಪಕ್ಕೆ ಹೋಗಿ, ಗಾಡಿಯ ಕಬ್ಬಿಣದ ಮೂಲಕವೇ ಬ್ಯಾಟರಿಗೆ ಹಿಂದಿರುಗತಕ್ಕದ್ದು. ಬಣ್ಣವೂ ತುಕ್ಕೂ ಆ ದಾರಿಯನ್ನು ತಡೆಯುವುವು. ಈ ಜೀಪು 6 ವೋಲ್ಟಿನದಾದುದರಿಂದ 45 ವ್ಯಾಟಿನ ದೀಪವೊಂದಕ್ಕೆ 7.5 ಆಂಪಿಯರ್ ಬೇಕು. 12 ವೋಲ್ಟಿನ ಗಾಡಿಯಲ್ಲಾದರೆ ಇದರ ಅರ್ಧ ಸಾಕು. ಎರಡು ದೀಪಗಳೂ ಉರಿಯುವಾಗ ಒಂದು ಕೆಟ್ಟ ಜೋಡಣೆಯಲ್ಲಿ 1 ವೋಲ್ಟಿಗೆ ಮೀರಿ ನಷ್ಟವಾಗಬಹುದು. ಅಷ್ಟಕ್ಕೇ ಬೆಳಕು ಸುಮಾರು ಅರ್ಧಕ್ಕಿಳಿಯುವುದು. ವೋಲ್ಟ್‌ಮೀಟರ್ ಇರುವವರು ದೀಪ ಹೊತ್ತಿಸಿ, ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಅರ್ತ್ ತಂತಿಗೂ ತಾಗಿಸಿ ನೋಡಲಿ. ಮುಳ್ಳು ಸೊನ್ನೆಯ ಸಮೀಪದಲ್ಲಿಯೇ ಇರತಕ್ಕದ್ದು.

ಪೆಟ್ರೋಲಿನ ಗೇಜಿನ ಇನ್ನೊಂದು ಭಾಗವು ಚಾಲಕನ ಪೀಠದಡಿಯ ಟ್ಯಾಂಕಿನೊಳಗೆ ತೇಲುಬುರುಡೆಯಾಗಿರುವುದು. ಅದಕ್ಕೂ ಅರ್ತ್ ಬೇಕು. ಕೀಲಿಯನ್ನು ಆರಿಸಿ, ತೇಲುಬುರುಡೆಯ ಲೋಹದ ಮುಚ್ಚಳದಿಂದ ಚಾಸಿಯ ಶುದ್ಧ ಕಬ್ಬಿಣಕ್ಕೆ ತಂತಿಯೊಂದನ್ನು ಭದ್ರವಾಗಿ ಕಟ್ಟಿ, ತರುವಾಯವೇ ಕೀಲಿಯನ್ನು ತಿರುಗಿಸಬೇಕು. ಮುಳ್ಳು ಸರಿಯಾದರೆ ಗೇಜು ನಿರ್ದೋಷಿ. ಕೀಲಿ ತಿರುಗಿಸಿದ ಮೇಲೆ ತಂತಿಯನ್ನು ತಾಗಿಸಿ ನೋಡುವ ಚಪಲ ಬೇಡ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಆಯಿಲ್ ಒತ್ತಡದ ಮುಳ್ಳೂ ನೀರಿನ ಶಾಖದ ಮುಳ್ಳೂ ಈ ಜೀಪಿನಲ್ಲಿ ನಳಿಗೆಯಿಂದ ನಡೆಯುವುವು. ಆದುದರಿಂದ ಅವು ಆಡಿದ ಮಾತ್ರಕ್ಕೆ ವೈರಿಂಗು ಸರಿಯಿದೆಯೆಂದು ತಿಳಿಯಲಾಗದು.

ಹುಲ್ಲಿನ ಕೊಟ್ಟಿಗೆಯಲ್ಲಿ ಜೀಪನ್ನು ನಿಲ್ಲಿಸುವವರು ಇಲಿಯ ಹಾವಳಿಯನ್ನೂ ನೆನೆಯಬೇಕು. ಕಣಜಕ್ಕೆ ಬೋನು ಇಡುವವರು ಇಲ್ಲಿ ಇಡುವುದಿಲ್ಲ! ಕಡಿದ ತಂತಿಯನ್ನು ಹುಡುಕಲು ಗೇಜುಗಳ ಹಿಂದೆ ಕೈಯಿಡುವ ಮುನ್ನ ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿ ಬದಿಗಿಡತಕ್ಕದ್ದು.