ಫ್ರಾನ್ಸ್ ದೇಶದ ಈರುಳ್ಳಿ ಸೂಪು: ಮನೆಯಲ್ಲಿ ತಯಾರಿಸುವ ಕ್ರಮ

ಈರುಳ್ಳಿಯು ಸಾಮಾನ್ಯವಾಗಿ ಬೇರೆ ಪದಾರ್ಥಗಳಿಗೆ ರುಚಿಯನ್ನು ಕೊಡುವ ಸಲುವಾಗಿಯೇ ಅಡಿಗೆಮನೆಯನ್ನು ಸೇರುತ್ತದೆ. ಒಗ್ಗರಣೆಗೆ ಒಂದು, ಪಲ್ಯಕ್ಕೆ ಎರಡು, ಹುಳಿಗೆ ನಾಲ್ಕು ಎಂದು ವೆಚ್ಚವಾಗುವುದೇ ಹೊರತು, ಅದನ್ನೇ ಪ್ರಧಾನವಾಗಿಟ್ಟುಕೊಂಡು ಮಾಡುವ ಅಡಿಗೆಗಳು ವಿರಳ. ಫ್ರಾನ್ಸ್ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈರುಳ್ಳಿ ಸೂಪು ಇಂಥ ವಿರಳವಾದ ಅಡಿಗೆಗಳಲ್ಲಿ ಒಂದು. ನಾಲ್ಕು ಜನರಿಗೆ ಇದನ್ನು ಮಾಡಬೇಕಾದರೆ ಒಂದು ಕಿಲೋಗ್ರಾಂ ಈರುಳ್ಳಿ ಬೇಕಾಗುತ್ತದೆ. ಸುಗ್ಗಿಯಲ್ಲಿ ಧಾರಣೆ ಕುಸಿದು, ಚೀಲಗಳು ಅಟ್ಟದಲ್ಲಿಯೇ ಉಳಿದುಹೋಗುವ ವರ್ಷಗಳಲ್ಲಿ ಬೆಳೆಗಾರರ ಮನೆಯವರು ಇದನ್ನು ಅರಿತಿರುವುದು ಒಳ್ಳೆಯದು. ಇದು ದೊಡ್ಡ ಹೋಟಲುಗಳ ಅಡಿಗೆಯೆಂದು ಪಟ್ಟಣಗಳಲ್ಲಿ ಹೆಸರಾಗಿದ್ದರೂ ನಿಜದಲ್ಲಿ ಬಡವರ ಮನೆಯಲ್ಲಿ ಹುಟ್ಟಿದುದು. ಅಗ್ಗವಾದ ಗಡ್ಡೆ, ಹಿಂದಿನ ದಿನ ಉಳಿದು ಒಣಗಿದ ಬ್ರೆಡ್ಡು, ಸ್ವಲ್ಪ ಬೆಣ್ಣೆ, ನೀರು ಇವೇ ಇದರ ಮೂಲ ಸಾಮಗ್ರಿಗಳು.

ಫ್ರೆಂಚ್ ಭಾಷೆಯಲ್ಲಿ ಸೂಪು ಎಂಬ ಶಬ್ದಕ್ಕೆ ಮೊದಲಿದ್ದ ಅರ್ಥ, ಬಟ್ಟಲಿನಲ್ಲಿಟ್ಟು ಮೇಲೆ ಬಿಸಿಯ ರಸವನ್ನು ಸುರಿಯುತ್ತಿದ್ದ ಬ್ರೆಡ್ಡಿನ ತುಂಡು ಎಂಬುದಾಗಿತ್ತು. ಕಾಲಕ್ರಮದಲ್ಲಿ ಆ ಹೆಸರು ರಸಕ್ಕೆ ಅಂಟಿಕೊಂಡಿತು. ಆದುದರಿಂದ ಈ ಅಡಿಗೆಯಲ್ಲಿ ಬ್ರೆಡ್ಡು ಅಲಂಕಾರಕ್ಕಾಗಿ ಇಡುವ ವಸ್ತುವಲ್ಲ. ಪಾರಿಸ್ ನಗರದ ಮಧ್ಯದಲ್ಲಿ ಲೆ ಆಲ್ ಎಂಬ ದೊಡ್ಡ ಸಗಟು ಸಂತೆ ನೂರಾರು ವರ್ಷಗಳ ಕಾಲ ನಡೆಯುತ್ತಿತ್ತು. ರಾತ್ರಿಯೆಲ್ಲ ಕಾಯಿಪಲ್ಯ, ಮಾಂಸ, ಮೀನುಗಳ ಹೊರೆಯನ್ನು ಹೊತ್ತ ಹಮಾಲರು ಬೆಳಗಿನ ಜಾವದ ಚಳಿಯಲ್ಲಿ ಸುತ್ತಲಿನ ಊಟದ ಮನೆಗಳಲ್ಲಿ ಈ ಸೂಪನ್ನೇ ಕುಡಿಯುತ್ತಿದ್ದರು. ನಾಟಕ ನೃತ್ಯಗಳನ್ನು ಮುಗಿಸಿ ತಡವಾಗಿ ಮನೆಗೆ ತೆರಳುವ ಶ್ರೀಮಂತರೂ ಅದೇ ಬೆಂಚುಗಳಲ್ಲಿ ಬಂದು ಕೂಡುತ್ತಿದ್ದರು. 1969ರಲ್ಲಿ ಆ ಸಂತೆಯನ್ನು ನಗರದ ಹೊರಗಣ ರುಂಜಿಸ್ ಎಂಬಲ್ಲಿಗೆ ಸಾಗಿಸಿದರಾದರೂ, ಸೂಪಿನ ಹೆಸರಿನೊಡನೆ ಹಳೆಯ ಸಂತೆಯ ಹೆಸರು ಇಂದಿಗೂ ಸೇರಿಕೊಂಡಿದೆ.

ಅರಸೊಬ್ಬನ ಕಥೆಯೂ ಉಂಟು. ಪೋಲೆಂಡಿನ ಸಿಂಹಾಸನವನ್ನು ಕಳೆದುಕೊಂಡು ಲೊರೇನ್ ಪ್ರಾಂತದ ಒಡೆಯನಾಗಿದ್ದ ಸ್ತಾನಿಸ್ಲಾಸನು ತನ್ನ ಮಗಳನ್ನು, ಅಂದರೆ ಫ್ರಾನ್ಸಿನ ರಾಣಿಯನ್ನು, ನೋಡಲು ಹೋಗುವಾಗ ಶಾಲೋನ್ ಎಂಬ ಊರಿನ ತಂಗುಮನೆಯೊಂದರಲ್ಲಿ ಇಳಿದನಂತೆ. ಅಲ್ಲಿ ಬಡಿಸಿದ ಈರುಳ್ಳಿ ಸೂಪಿನ ರುಚಿಗೆ ಮನಸೋತು, ನಿಲುವಂಗಿಯಲ್ಲಿಯೇ ಅಡಿಗೆಮನೆಗೆ ಇಳಿದುಹೋಗಿ, ಕಣ್ಣೀರನ್ನು ಲೆಕ್ಕಿಸದೆ ನಿಂತು ಮಾಡುವ ಕ್ರಮವನ್ನು ಕಲಿತನೆಂದು ಹೇಳುವರು. ಕಾದಂಬರಿಕಾರನಾದ ಅಲೆಕ್ಸಾಂಡರ್ ಡ್ಯೂಮಾನು ಬರೆದು, ಅವನು ತೀರಿಕೊಂಡ ಮೇಲೆ 1873ರಲ್ಲಿ ಅಚ್ಚಾದ ಪಾಕನಿಘಂಟುವಿನಲ್ಲಿ ಈ ಕಥೆಯಿದೆ. ಕಾದಂಬರಿಕಾರರು ಹೇಳುವ ಚರಿತ್ರೆಯನ್ನು ಎಷ್ಟು ನಂಬಬೇಕೋ ಅಷ್ಟೇ ನಂಬತಕ್ಕದ್ದು. ಆದರೆ ಅರಸನು ಮಾಡಿದಂತೆ ಒಲೆಯ ಬಳಿ ನಿಂತು ನೋಡಿ ಕಲಿಯತಕ್ಕ ಅಡಿಗೆ ಇದೆಂಬುದರಲ್ಲಿ ಸಂಶಯವಿಲ್ಲ.

ಮೊದಲು ಈರುಳ್ಳಿಯ ಆಯ್ಕೆ. ಫ್ರೆಂಚರು ಈ ಸೂಪಿಗೆ ಹೆಚ್ಚಾಗಿ ಹಳದಿ ಸಿಪ್ಪೆಯ ಗಡ್ಡೆಗಳನ್ನು ಉಪಯೋಗಿಸುವರು. ಕೆಂಪು ಈರುಳ್ಳಿಯಿಂದ ಮಾಡಿದರೆ ಬಣ್ಣವು ಸ್ವಲ್ಪ ಮಂಕಾಗುವುದು, ರುಚಿಗೆ ಕುಂದಿಲ್ಲ. ಬಣ್ಣಕ್ಕಿಂತ ಮುಖ್ಯವಾದುದು ಗಡ್ಡೆಯಲ್ಲಿರುವ ನೀರಿನ ಅಂಶ. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಎಂಬತ್ತೈದರಿಂದ ತೊಂಬತ್ತು ಪಾಲು ನೀರೇ ಇರುತ್ತದೆ. ಮಳೆಗಾಲದ ಬೆಳೆಯಲ್ಲಿ ಅದು ಹೆಚ್ಚು. ಹಿಂಗಾರಿನ ಬೆಳೆಯಲ್ಲಿ ಕಡಿಮೆ. ಎಲೆಗಳು ತಾವಾಗಿಯೇ ಬಾಗಿ ಬಿದ್ದ ಮೇಲೆ ಕಿತ್ತು, ಕುತ್ತಿಗೆ ಮುಚ್ಚಿಕೊಳ್ಳುವ ತನಕ ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಕಡೆ ಇಟ್ಟ ಗಡ್ಡೆಗಳು ಈ ಕೆಲಸಕ್ಕೆ ಉತ್ತಮ. ಕುತ್ತಿಗೆ ಹಸಿಯಾಗಿದ್ದ ಗಡ್ಡೆಯಿಂದ ನೀರು ಇಂಗುವುದೇ ತಡವಾಗುವುದು. ಮೊಳಕೆಯೊಡೆದ ಗಡ್ಡೆಯು ತನ್ನ ಸಕ್ಕರೆಯನ್ನು ಮೊಳಕೆಗಾಗಿ ವೆಚ್ಚಮಾಡಿಕೊಂಡಿರುವುದರಿಂದ ಸಪ್ಪೆಯಾಗುವುದು. ಹೊಲದಲ್ಲಿ ತೋರಿದ ಎಚ್ಚರಿಕೆಯು ಸರಿಯಾಗಿ ಈ ಪಾತ್ರೆಯಲ್ಲಿ ಗೋಚರವಾಗುತ್ತದೆ.

ಒಳ್ಳೆಯ ಗಡ್ಡೆಗೆ ಹೆಸರು ಕಟ್ಟುವ ವಿಷಯದಲ್ಲಿಯೂ ಫ್ರೆಂಚರಿಂದ ತಿಳಿಯಬೇಕಾದುದುಂಟು. ಬ್ರಿಟನಿ ಪ್ರಾಂತದ ಸಮುದ್ರತೀರದಲ್ಲಿರುವ ರೊಸ್ಕೋಫ್ ಎಂಬ ಊರಿನ ಗುಲಾಬಿ ಬಣ್ಣದ ಈರುಳ್ಳಿಯನ್ನು ಅಲ್ಲಿಯ ರೈತರು ಜಡೆಗಳಾಗಿ ಹೆಣೆದು, ಕಡಲು ದಾಟಿ ಇಂಗ್ಲೆಂಡಿಗೆ ಹೋಗಿ ಮನೆಮನೆಯ ಬಾಗಿಲಲ್ಲಿ ಮಾರುತ್ತಿದ್ದರು. ಈ ವ್ಯಾಪಾರವು 1828ರಲ್ಲಿ ಮೊದಲಾಯಿತೆಂದು ಆ ಊರಿನವರು ಹೇಳಿಕೊಳ್ಳುವರು. ಮುಂದೆ ಬೈಸಿಕಲ್ಲಿನ ಹಿಡಿಕೆಗೆ ಜಡೆಗಳನ್ನು ನೇತುಹಾಕಿಕೊಂಡು ತಿರುಗುವ ವರ್ತಕನ ಚಿತ್ರವು ಇಂಗ್ಲಿಷರಿಗೆ ಚಿರಪರಿಚಿತವಾಯಿತು. 2009ರಲ್ಲಿ ಆ ಗಡ್ಡೆಗೆ ಸ್ಥಳನಾಮದ ಕಾನೂನು ರಕ್ಷಣೆ ದೊರೆಯಿತು. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳ ಗುಲಾಬಿ ಈರುಳ್ಳಿಗೂ 2015ರಲ್ಲಿ ಇಂಥದೇ ಭೌಗೋಳಿಕ ಸೂಚಿ ದೊರೆತಿದೆ. ಆದರೆ ಅದು ಸಣ್ಣ ಗಡ್ಡೆಯಾದುದರಿಂದ ಒಂದು ಕಿಲೋ ಸುಲಿಯುವುದು ತ್ರಾಸದ ಕೆಲಸ. ಸೂಪಿಗೆ ದಪ್ಪ ಗಡ್ಡೆಗಳೇ ಅನುಕೂಲ.

ನಾಲ್ಕು ಜನರಿಗೆ ಬೇಕಾದ ಸಾಮಗ್ರಿಗಳು: ಈರುಳ್ಳಿ 1 ಕಿಲೋಗ್ರಾಂ, ಬೆಣ್ಣೆ 50 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ, ಉಪ್ಪು ಒಂದು ಸಣ್ಣ ಚಮಚ, ಮೈದಾ ಅಥವಾ ಗೋಧಿಹಿಟ್ಟು ಒಂದು ದೊಡ್ಡ ಚಮಚ, ರಸ ಅಥವಾ ನೀರು ಒಂದೂಕಾಲು ಲೀಟರು, ಒಣಗಿದ ಬ್ರೆಡ್ಡಿನ ದಪ್ಪ ತುಂಡುಗಳು ಎಂಟು, ತುರಿದ ಚೀಸ್ 150 ಗ್ರಾಂ, ಮೆಣಸಿನ ಪುಡಿ ಸ್ವಲ್ಪ. ಇಲ್ಲಿ ಮೆಣಸೆಂದರೆ ಕರಿಮೆಣಸು.

ಗಡ್ಡೆಯನ್ನು ಬೇರಿನ ಕಡೆಯಿಂದ ತುದಿಯ ಕಡೆಗೆ ಎರಡು ಹೋಳಾಗಿ ಸೀಳಿ, ಅದೇ ದಿಕ್ಕಿನಲ್ಲಿ ತೆಳ್ಳಗೆ ಹೆಚ್ಚಬೇಕು. ಬಳೆಗಳಂತೆ ಅಡ್ಡವಾಗಿ ಹೆಚ್ಚಿದರೆ ಎಳೆಗಳು ಬೇಗನೆ ಕರಗಿಹೋಗುತ್ತವೆ. ತಳ ದಪ್ಪನಾದ ಅಗಲ ಪಾತ್ರೆಯಲ್ಲಿ ಬೆಣ್ಣೆ ಎಣ್ಣೆಗಳನ್ನು ಕಾಯಿಸಿ, ಈರುಳ್ಳಿಯನ್ನೂ ಉಪ್ಪನ್ನೂ ಹಾಕಿ ಮಗುಚಿ, ಮುಚ್ಚಳವಿಟ್ಟು, ಸಣ್ಣ ಉರಿಯಲ್ಲಿ ಕಾಲು ಗಂಟೆಯ ಹೊತ್ತು ಬೇಯಿಸಬೇಕು. ನೀರು ಒಸರಿ ಎಳೆಗಳು ಮೆತ್ತಗಾಗುವುವು. ಆಗ ಮುಚ್ಚಳವನ್ನು ತೆಗೆದುಬಿಡಬೇಕು. ಮುಂದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಕಾಲವೇ ಈ ಅಡಿಗೆಯ ಸಾರಸರ್ವಸ್ವ. ಐದು ಹತ್ತು ನಿಮಿಷಗಳಲ್ಲಿ ಈರುಳ್ಳಿಯು ಕಂದುಬಣ್ಣಕ್ಕೆ ಬರುವುದೆಂದು ಬರೆಯುವ ಪಾಕಪುಸ್ತಕಗಳನ್ನು ನಂಬಕೂಡದು.

ಇಷ್ಟು ಕಾಲ ಹಿಡಿಯುವುದಕ್ಕೆ ಕಾರಣವು ಸರಳವಾದುದು. ಪಾತ್ರೆಯಲ್ಲಿ ನೀರಿರುವವರೆಗೂ ಕಾವು ನೂರು ಡಿಗ್ರಿ ಸೆಂಟಿಗ್ರೇಡನ್ನು ಮೀರಿ ಏರಲಾರದು. ಕಂದುಬಣ್ಣವೂ ಅದರೊಡನೆ ಬರುವ ಸುವಾಸನೆಯೂ ಬೇಗನೆ ಹುಟ್ಟಬೇಕಾದರೆ ಅದಕ್ಕಿಂತ ಹೆಚ್ಚಿನ ಕಾವು ಬೇಕು. ನೀರು ಹೋದಮೇಲೆ ಈರುಳ್ಳಿಯ ಸಕ್ಕರೆಯು ಅದರಲ್ಲಿಯೇ ಇರುವ ಅಮೈನೋ ಆಮ್ಲಗಳೊಡನೆ ಕೂಡಿ ಮಾರ್ಪಡುತ್ತದೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನೂ ಫ್ರೆಂಚ್ ರಸಾಯನಶಾಸ್ತ್ರಜ್ಞನೇ. ಅವನ ಹೆಸರು ಲೂಯಿ ಕಾಮಿಯ್ ಮೈಯಾರ್. ಕತ್ತರಿಸುವಾಗ ಕಣ್ಣುರಿಸುವ ಗಂಧಕಯುಕ್ತವಾದ ಖಾರವು ಬೇಯುವಾಗ ಅಡಗಿ, ಒಳಗಿದ್ದ ಸಿಹಿಯು ಹೊರಬೀಳುತ್ತದೆ. ಒಂದು ಕಿಲೋ ಹೆಚ್ಚಿದ ಈರುಳ್ಳಿಯು ಕೊನೆಗೆ ಸುಮಾರು ಕಾಲು ಕಿಲೋ ಉಳಿಯುವುದನ್ನು ಕಂಡು ಹೊಸಬರು ಗಾಬರಿಯಾಗುವರು. ಅದು ಹಾಗೆಯೇ ಆಗತಕ್ಕದ್ದು.

ಈ ಅವಧಿಯಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ಮಗುಚುತ್ತಿರಬೇಕು. ತಳದಲ್ಲಿ ಕಂದು ಪೊರೆ ಕಟ್ಟಿದೊಡನೆ ಎರಡು ಚಮಚ ನೀರನ್ನು ಚಿಮುಕಿಸಿ, ಮರದ ಸೌಟಿನಿಂದ ಕೆರೆದು ಈರುಳ್ಳಿಯಲ್ಲಿ ಬೆರೆಸಬೇಕು. ಇದನ್ನು ಮೂರು ನಾಲ್ಕು ಸಲ ಮಾಡುವಷ್ಟರಲ್ಲಿ ಬಣ್ಣವು ಹಳೆಯ ಬೆಲ್ಲದಂತಾಗುತ್ತದೆ. ಪೊರೆಯು ಕಪ್ಪಾಯಿತಾದರೆ ಕೆರೆಯಕೂಡದು. ಮೇಲಿನ ಈರುಳ್ಳಿಯನ್ನು ಮಾತ್ರ ಬೇರೆ ಪಾತ್ರೆಗೆ ಹಾಕಿಕೊಳ್ಳಬೇಕು. ಇಲ್ಲವಾದರೆ ಆ ಕಹಿಯು ಸೂಪನ್ನೆಲ್ಲ ಕೆಡಿಸುವುದು. ಚಿಟಿಕೆ ಸೋಡವನ್ನು ಹಾಕಿದರೆ ಬಣ್ಣವು ಬೇಗ ಬರುವುದು ನಿಜ. ಆದರೆ ಎಳೆಗಳು ಅಂಬಲಿಯಂತಾಗಿ ಬಾಯಿಗೆ ಹಿತವೆನಿಸುವುದಿಲ್ಲ.

ಬಣ್ಣ ಬಂದ ಮೇಲೆ ಹಿಟ್ಟನ್ನು ಉದುರಿಸಿ ಎರಡು ಮೂರು ನಿಮಿಷ ಹುರಿದು, ರಸವನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ಅರ್ಧ ಗಂಟೆ ಸಣ್ಣಗೆ ಕುದಿಸಬೇಕು. ಫ್ರೆಂಚರು ರಸಕ್ಕೆ ಮೊದಲು ಒಂದು ಲೋಟದಷ್ಟು ಬಿಳಿಯ ದ್ರಾಕ್ಷಾಮದ್ಯವನ್ನು ಹಾಕುವುದುಂಟು. ಕುದಿಸಿದರೆ ಮದ್ಯಸಾರವು ಪೂರ್ತಿಯಾಗಿ ಹಾರಿಹೋಗುವುದೆಂಬ ಮಾತು ಸರಿಯಲ್ಲ. ಒಂದಿಷ್ಟು ಉಳಿದೇ ಉಳಿಯುತ್ತದೆ. ಆದಕಾರಣ ಅದನ್ನು ಬಳಸದ ಮನೆಗಳಲ್ಲಿ ಕೊನೆಗೆ ಒಂದು ಸಣ್ಣ ಚಮಚ ವಿನೆಗರನ್ನಾಗಲಿ ಅರ್ಧ ನಿಂಬೆಹಣ್ಣಿನ ರಸವನ್ನಾಗಲಿ ಸೇರಿಸಿದರೆ ಸಾಕು. ಹುಳಿ ಸೇರುವ ಅಡಿಗೆಯಾದುದರಿಂದ ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆ ಸರ್ವಥಾ ಕೂಡದು.

ರಸವೆಂದರೆ ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ದನದ ಮಾಂಸವನ್ನೂ ಮೂಳೆಯನ್ನೂ ಬೇಯಿಸಿದ ನೀರು. ಆದರೆ ಬರಿಯ ನೀರಿನಿಂದಲೇ ಮಾಡುವ ಪದ್ಧತಿಯು ಅಲ್ಲಿಯ ಹಳೆಯ ಗೃಹಪಾಕಗಳಲ್ಲಿಯೂ ಉಂಟು. ಸಸ್ಯಾಹಾರಿಗಳು ಅದನ್ನು ನಿಸ್ಸಂಕೋಚವಾಗಿ ಅನುಸರಿಸಬಹುದು. ಗಜ್ಜರಿ, ಅಣಬೆ, ಈರುಳ್ಳಿಯ ಹಸಿರು ದಂಟು ಇವನ್ನು ಬೇಯಿಸಿ ಸೋಸಿದ ನೀರು ಇನ್ನೂ ಉತ್ತಮ. ಹುರುಳಿಯ ಕಟ್ಟನ್ನು ಬಳಸಿದರೆ ಒಳ್ಳೆಯ ಕಟ್ಟಿನ ಸಾರಾಗಬಹುದೇ ಹೊರತು ಈ ಸೂಪಾಗಲಾರದು. ಸಾರಿನ ಪುಡಿ, ಹುಣಿಸೆ, ಹಸಿಮೆಣಸಿನಕಾಯಿಗಳ ವಿಷಯವೂ ಅಷ್ಟೇ. ಫ್ರೆಂಚರು ಹಾಕುವ ಲಾರೆಲ್ ಎಲೆಗೆ ಬದಲಾಗಿ ಪಲಾವಿನ ಎಲೆಯನ್ನು ಹಾಕುವವರುಂಟು. ಅದು ದಾಲ್ಚಿನ್ನಿಯ ಜಾತಿಗೆ ಸೇರಿದ ಬೇರೆಯೇ ಮರದ ಎಲೆ. ಅದನ್ನು ಬಿಡುವುದೇ ಲೇಸು.

ಇನ್ನು ಬ್ರೆಡ್ಡು. ಸಿಹಿ ಬೆರೆತ ಮೆತ್ತನೆಯ ಬ್ರೆಡ್ಡು ರಸದಲ್ಲಿ ಕರಗಿಹೋಗುವುದರಿಂದ, ಗಟ್ಟಿ ಹೊರಪದರವುಳ್ಳುದನ್ನು ಆರಿಸಿ, ಕಾವಲಿಯ ಮೇಲೆ ಎರಡು ಬದಿಯೂ ಗರಿಗರಿಯಾಗುವಂತೆ ಒಣಗಿಸಬೇಕು. ಬಿಸಿಯ ಸೂಪನ್ನು ಬಟ್ಟಲುಗಳಿಗೆ ಹಾಕಿ, ಮೇಲೆ ಬ್ರೆಡ್ಡನ್ನು ತೇಲಿಬಿಟ್ಟು, ಚೀಸನ್ನು ಹರಡಿ, ಮೇಲುಗಡೆಯಿಂದ ಬಲವಾದ ಕಾವನ್ನು ಕೊಡಬೇಕು. ಚೀಸ್ ಕರಗಿ ಅಲ್ಲಲ್ಲಿ ಕೆಂಪಗಾಗುವುದೇ ಗುರುತು. ವಿದ್ಯುತ್ತಿನ ಒಲೆಪೆಟ್ಟಿಗೆಯಿಲ್ಲದ ಹಳ್ಳಿಯ ಮನೆಯಲ್ಲಿ ಬ್ರೆಡ್ಡಿಗೆ ಚೀಸನ್ನು ಹಚ್ಚಿ ತಟ್ಟೆಯಲ್ಲಿಟ್ಟು, ಕಬ್ಬಿಣದ ಮುಚ್ಚಳವನ್ನು ಮುಚ್ಚಿ, ಮುಚ್ಚಳದ ಮೇಲೆ ಕೆಂಡವನ್ನು ಹರಡಿ ಕೆಂಪಗಾಗಿಸಿ, ಅನಂತರ ಸೂಪಿನ ಮೇಲಿಡಬಹುದು. ಫ್ರಾನ್ಸಿನ ಹಳ್ಳಿಗಳಲ್ಲಿಯೂ ಹಿಂದೆ ಮುಚ್ಚಳದ ಮೇಲೆ ಕೆಂಡವಿಟ್ಟು ಅಡಿಗೆಮಾಡುವ ವಾಡಿಕೆಯಿತ್ತು. ಗ್ರುಯೇರ್, ಕೋಂತೆ ಎಂಬ ಚೀಸುಗಳು ಇದಕ್ಕೆ ಹೆಸರಾದುವು. ಅವನ್ನು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ ಹೆಪ್ಪುಗಟ್ಟಿಸುವರಾದುದರಿಂದ ಸಸ್ಯಾಹಾರಿಗಳು ಹಸಿರು ಗುರುತಿರುವ ಗಟ್ಟಿ ಚೀಸನ್ನು ಕೊಳ್ಳತಕ್ಕದ್ದು.

ಒಂದೇ ಸಲಕ್ಕೆ ಎರಡು ಮೂರು ಕಿಲೋ ಈರುಳ್ಳಿಯನ್ನು ಬಾಡಿಸಿಡುವುದರಲ್ಲಿ ಶ್ರಮದ ಉಳಿತಾಯವಿದೆ. ಆದರೆ ಪಾತ್ರೆಯು ಅದಕ್ಕೆ ತಕ್ಕಷ್ಟು ಅಗಲವಾಗಿರಬೇಕು, ಕಾಲವೂ ಹೆಚ್ಚಾಗುವುದು. ಆರಿದ ಕೂಡಲೇ ಮುಚ್ಚಿ ತಂಗಳಪೆಟ್ಟಿಗೆಯಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡುವುದಿಲ್ಲ. ಬೇಯಿಸಿದ ಈರುಳ್ಳಿಯನ್ನು ರಾತ್ರಿಯೆಲ್ಲ ಹೊರಗಿಟ್ಟು ಮಾರನೆಯ ದಿನ ಬಳಸುವುದು ಅಪಾಯಕರ. ಸೂಪನ್ನು ಮುಂಚಿತವಾಗಿ ಮಾಡಿಟ್ಟುಕೊಂಡಿದ್ದರೂ ಬ್ರೆಡ್ಡನ್ನೂ ಚೀಸನ್ನೂ ಬಡಿಸುವ ಹೊತ್ತಿಗೇ ಸೇರಿಸಬೇಕು.