ಬೋರ್ಡು ನೆಡುವ ಮುನ್ನ: ರಸ್ತೆ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಕಿವಿಮಾತು

ಲೋಕೋಪಯೋಗಿ ಇಲಾಖೆಗೋ ಜಿಲ್ಲಾ ಪಂಚಾಯ್ತಿಗೋ ಜೂನಿಯರ್ ಎಂಜಿನಿಯರಾಗಿ ಈಗಷ್ಟೇ ಸೇರಿದ ಹುಡುಗ ಹುಡುಗಿಯರಿಗೆ ಈ ಮಾತು. ಜಲ್ಲಿ, ಡಾಂಬರು, ಮೋರಿಗಳ ಬಗ್ಗೆ ಹೇಳಿಕೊಡುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ಬೋರ್ಡಿನ ಬಗ್ಗೆ ಹೇಳುವವರು ಕಡಿಮೆ. ಎಸ್ಟಿಮೇಟಿನ ಕೊನೆಯ ಪುಟದಲ್ಲಿ ಕೂತಿರುವ, ಬಿಲ್ಲು ಬರೆಯುವ ಹೊತ್ತಿಗೆ ಅವಸರವಸರವಾಗಿ ಮುಗಿಸುವ ಬಾಬತ್ತು ಅದು. ಆದರೆ ರಸ್ತೆ ನುಣುಪಾದಷ್ಟೂ ಗಾಡಿಗಳ ವೇಗ ಏರುತ್ತದೆ, ವೇಗ ಏರಿದಷ್ಟೂ ಬೋರ್ಡಿನ ಹೊಣೆ ಹೆಚ್ಚುತ್ತದೆ. ನನ್ನ ಸರ್ವಿಸಿನುದ್ದಕ್ಕೂ ಕಂಡದ್ದರಲ್ಲಿ ನಿಮಗೆ ಉಪಯೋಗಕ್ಕೆ ಬರುವಷ್ಟನ್ನು ಬರೆದಿದ್ದೇನೆ.

• ಬೋರ್ಡು ಇರುವುದು ಊರು ಗೊತ್ತಿಲ್ಲದವರಿಗೆ. ಅದನ್ನು ಬರೆಸುವವರಿಗೆ, ನೆಡುವವರಿಗೆ, ಅಳತೆ ಪುಸ್ತಕಕ್ಕೆ ಏರಿಸುವವರಿಗೆ ದಾರಿ ಬಾಯಿಪಾಠ. ಹಾಗಾಗಿಯೇ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ರಾಯಚೂರಿನಿಂದ ಮೊದಲ ಸಲ ಧರ್ಮಸ್ಥಳಕ್ಕೆ ಹೊರಟ ಕುಟುಂಬವೊಂದನ್ನು ನೆನೆದುಕೊಳ್ಳಿ. ಮೂಡಿಗೆರೆಯಲ್ಲಿ ‘ಧರ್ಮಸ್ಥಳ’ ಎಂದು ಬರೆದು, ಮುಂದಿನ ಕವಲಿನಲ್ಲಿ ‘ಉಜಿರೆ’ ಎಂದಷ್ಟೇ ಬರೆದರೆ ಅವರು ಯಾವ ಕಡೆ ತಿರುಗಬೇಕು? ಚಾರ್ಮಾಡಿ ಇಳಿದು ಉಜಿರೆ ಮೇಲೆ ಹೋಗಬೇಕೆಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಒಂದು ಊರಿನ ಹೆಸರು ಒಮ್ಮೆ ಬೋರ್ಡಿಗೆ ಬಂದರೆ, ಆ ಊರು ಮುಟ್ಟುವವರೆಗೆ ಪ್ರತಿ ಕವಲಿನಲ್ಲೂ ಅದು ಕಾಣಿಸಬೇಕು. ನಡುವೆ ಒಂದೇ ಕಡೆ ತಪ್ಪಿದರೂ ಹಿಂದಿನ ಬೋರ್ಡುಗಳೆಲ್ಲ ವ್ಯರ್ಥ.

• ಒಂದು ಫಲಕಕ್ಕೆ ಮೂರು ಊರು ಸಾಕು. ಶಾಸಕರ ಊರು, ಅಧ್ಯಕ್ಷರ ಊರು ಸೇರಿಸಿ ಎಂಬ ಒತ್ತಡ ಬಂದೇ ಬರುತ್ತದೆ. ಅವಕ್ಕೆ ಆ ಊರಿನ ಕ್ರಾಸಿನಲ್ಲಿ ಬೇರೆ ಕೈಕಂಬ ಹಾಕಿಸಿಕೊಡಿ.

• ಹಳೆಯ ಸಂಖ್ಯೆಗಳನ್ನು ಉಳಿಸಬೇಡಿ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳೆಲ್ಲ ಬದಲಾದವು. ಅದಕ್ಕೂ ಮೊದಲು 48 ಎಂದರೆ ಬೆಂಗಳೂರು–ಮಂಗಳೂರು ರಸ್ತೆ; ಈಗ ಅದು 75. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆಗೆ ಹೋಗುವ ಹಳೆಯ 4 ಈಗ 48 ಆಗಿದೆ. ಇವೆರಡೂ ಬೇರೆಯಾಗುವುದು ನೆಲಮಂಗಲದಲ್ಲಿ. ಸಂಖ್ಯೆ ನಂಬಿ ಓಡಿಸುವ ಹೊರರಾಜ್ಯದ ಚಾಲಕನಿಗೆ ಇಂಥ ಕಡೆ ಹಳೆಯ ಫಲಕ ಒಂದೇ ಒಂದು ಉಳಿದಿದ್ದರೂ ಸಾಕು, ಘಟ್ಟಕ್ಕೆ ಹೋಗಬೇಕಾದ ಲಾರಿ ಬಯಲುಸೀಮೆಗೆ ನಡೆಯುತ್ತದೆ. ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಗಿದೆ. ಒಂದು ಕೂಡುರಸ್ತೆಯಲ್ಲಿ ಹಳೆಯದು, ಮುಂದಿನದರಲ್ಲಿ ಹೊಸದು ಇದ್ದರೆ ಹೊರಗಿನವರು ಎರಡು ಊರೆಂದೇ ತಿಳಿಯುತ್ತಾರೆ.

• ಭಾರತೀಯ ರಸ್ತೆ ಕಾಂಗ್ರೆಸ್ಸಿನ ಫಲಕ ಸಂಹಿತೆ ‘ಐಆರ್‌ಸಿ 67’ ಸದಾ ಮೇಜಿನ ಮೇಲಿರಲಿ, 2022ರ ಆವೃತ್ತಿ. ದುಂಡಗಿನದು ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ. ‘ನಿಲ್ಲಿ’ ಎಂಬುದಕ್ಕೆ ಎಂಟು ಮೂಲೆ, ‘ದಾರಿ ಬಿಡಿ’ ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಧೂಳು ಕವಿದು ಚಿತ್ರವೇ ಕಾಣದಿದ್ದರೂ ಆಕಾರ ಕಾಣುತ್ತದೆ. ಕನ್ನಡ ಬಾರದ ಪಂಜಾಬಿನ ಲಾರಿ ಚಾಲಕನಿಗೂ, ಓದು ಬಾರದ ನಮ್ಮ ಟ್ರ್ಯಾಕ್ಟರಿನವನಿಗೂ ಅದು ಅರ್ಥವಾಗುತ್ತದೆ. ಆದ್ದರಿಂದ ‘ಚೆನ್ನಾಗಿ ಕಾಣುತ್ತೆ ಸಾರ್’ ಎಂದು ತಿರುವಿನ ಚಿಹ್ನೆಯನ್ನು ಚೌಕದೊಳಗೆ ಬರೆಸಿ ತಂದರೆ ಒಪ್ಪಬೇಡಿ, ವಾಪಸು ಕಳಿಸಿ.

• ಜಾಗ ಗೊತ್ತುಮಾಡುವಾಗ ಲೆಕ್ಕ ಹಾಕಿ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಂಡು, ತಿಳಿದು, ಬ್ರೇಕಿನ ಮೇಲೆ ಕಾಲಿಡಲು ರಸ್ತೆ ಕಾಂಗ್ರೆಸ್ಸು ಕೊಡುವ ಸಮಯ ಎರಡೂವರೆ ಸೆಕೆಂಡು. ಅಷ್ಟರಲ್ಲೇ 55 ಮೀಟರ್ ಹೋಯಿತು. ಪೂರ್ತಿ ನಿಲ್ಲಲು ಸುಮಾರು 120 ಮೀಟರ್ ಬೇಕು. ತಿರುವಿನ ಬಾಯಲ್ಲೇ ನೆಟ್ಟ ತಿರುವಿನ ಬೋರ್ಡು, ಹಂಪಿನ ಪಕ್ಕದಲ್ಲೇ ನೆಟ್ಟ ಹಂಪಿನ ಬೋರ್ಡು ಯಾರನ್ನೂ ಉಳಿಸುವುದಿಲ್ಲ. ಗುಂಡಿ ತೋಡುವ ಮೊದಲು ಕಂಬವನ್ನು ಒಬ್ಬರ ಕೈಯಲ್ಲಿ ಹಿಡಿಸಿ, ನೀವು ಜೀಪಿನಲ್ಲಿ ಹಿಂದೆ ಹೋಗಿ ಬಂದು ನೋಡಿ. ಹೊಂಗೆ ಕೊಂಬೆ, ವಿದ್ಯುತ್ ಕಂಬ, ಬಸ್ ತಂಗುದಾಣದ ಚಾವಣಿ ಯಾವುದು ಅಡ್ಡ ಬರುತ್ತದೆಂಬುದು ಆಫೀಸಿನ ನಕ್ಷೆಯಲ್ಲಿ ಗೊತ್ತಾಗುವುದಿಲ್ಲ.

• ಫುಟ್‌ಪಾತ್ ಇರುವ ಪೇಟೆಯಲ್ಲಿ ಫಲಕದ ಕೆಳ ಅಂಚು 2.1 ಮೀಟರ್ ಮೇಲಿರಲಿ, ನಡೆಯುವವರ ಹಣೆಗೆ ತಗಡು ಬಡಿಯಬಾರದು.

• ರಾತ್ರಿ ನೋಡದೆ ಬಿಲ್ಲಿಗೆ ಸಹಿ ಹಾಕಬೇಡಿ. ನಮ್ಮಲ್ಲಿ ಅತಿ ಹೆಚ್ಚು ಮೋಸ ನಡೆಯುವುದು ಇಲ್ಲೇ, ಇದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ರೆಟ್ರೋ ಶೀಟು ಹೆಡ್‌ಲೈಟಿನ ಬೆಳಕನ್ನು ಚಾಲಕನ ಕಡೆಗೇ ಹಿಂದಿರುಗಿಸಬೇಕು. ಸಾದಾ ವಿನೈಲ್ ಮೇಲೆ ಮುದ್ರಿಸಿ ತಂದ ಫಲಕ ಹಗಲಿನಲ್ಲಿ ಹಾಗೆಯೇ ಹೊಳೆಯುತ್ತದೆ, ಕತ್ತಲಾದ ಮೇಲೆ ಇಲ್ಲವಾಗುತ್ತದೆ. ಪರೀಕ್ಷೆ ಸುಲಭ. ಐವತ್ತು ಮೀಟರ್ ದೂರ ನಿಂತು ಟಾರ್ಚನ್ನು ಕಣ್ಣಿನ ಪಕ್ಕ, ಕಪಾಲಕ್ಕೆ ತಾಗಿಸಿ ಹಿಡಿದು ಫಲಕದ ಮೇಲೆ ಬಿಡಿ. ಒಳ್ಳೆಯ ಶೀಟು ದೀಪ ಹೊತ್ತಿಸಿದಂತೆ ಬೆಳಗುತ್ತದೆ. ಟಾರ್ಚನ್ನು ಕಣ್ಣಿನಿಂದ ದೂರ, ಸೊಂಟದ ಹತ್ತಿರ ಹಿಡಿದರೆ ಫಲಿತಾಂಶ ಸುಳ್ಳಾಗುತ್ತದೆ, ಎಚ್ಚರ. ಕೆಂಪು ಅಂಚನ್ನು ಪ್ರತ್ಯೇಕವಾಗಿ ನೋಡಿ: ಬೆಳಕು ಹಾಯುವ ಶಾಯಿಯ ಬದಲು ಸಾಮಾನ್ಯ ಬಣ್ಣ ಬಳಿದಿದ್ದರೆ ರಾತ್ರಿ ಅದು ಕಪ್ಪಾಗಿ ಕಾಣುತ್ತದೆ. ತಯಾರಿಸಿದವರ ಹೆಸರು, ತಿಂಗಳು, ವರ್ಷ, ಶೀಟಿನ ದರ್ಜೆ ಇವನ್ನು ಫಲಕದ ಬೆನ್ನ ಮೇಲೆ ಅಳಿಸದಂತೆ ಬರೆಸಿ. ವಾರಂಟಿ ಕೇಳುವ ದಿನ ಅದೇ ನಿಮ್ಮ ಸಾಕ್ಷಿ.

• ಕನ್ನಡಕ್ಕೆ ಜಾಗ ಕೊಡಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಒತ್ತಿಲ್ಲ, ಕೊಂಬಿಲ್ಲ; ಅದರ ಎತ್ತರಕ್ಕೆ ಸಾಲು ಕತ್ತರಿಸಿ ಕನ್ನಡವನ್ನು ಅದರೊಳಗೆ ಹಿಂಡಿದರೆ ‘ಕೊಟ್ಟಿಗೆಹಾರ’ದ ಒತ್ತು ಕೆಳಗಿನ ಗೆರೆಗೆ ತಾಗುತ್ತದೆ, ಮೂಲ ಅಕ್ಷರ ಕುಗ್ಗುತ್ತದೆ. ಒತ್ತು ಬಿಟ್ಟು ಅಕ್ಷರದ ಮೈ ಅಳೆಯಿರಿ. ಉದ್ದ ಹೆಸರು ಹಿಡಿಯದಿದ್ದರೆ ಫಲಕ ಅಗಲ ಮಾಡಿಸಿ, ಅಕ್ಷರ ಸಪೂರ ಮಾಡಬೇಡಿ. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದು ಬೇರೆ ಕಂಪ್ಯೂಟರಿಗೆ ಹೋದಾಗ ಒತ್ತು, ಅರ್ಕಾವತ್ತು ಸ್ಥಳ ಬದಲಾಯಿಸಿಬಿಡುತ್ತವೆ. ಮುದ್ರಣಕ್ಕೆ ಹೋಗುವ ಕೊನೆಯ ಪ್ರತಿಯನ್ನೇ ತರಿಸಿ, ಆಯಾ ಊರಿನ ಶಾಲೆಯ ಮೇಷ್ಟ್ರಿಗೆ ಒಮ್ಮೆ ತೋರಿಸಿ. ತಮ್ಮ ಊರಿನ ಹೆಸರಲ್ಲಿ ಮಹಾಪ್ರಾಣ ಬಿಟ್ಟುಹೋದದ್ದನ್ನು ಜನ ದಿನವೂ ನೋಡಿಕೊಂಡು ಓಡಾಡಬೇಕಾದ ನೋವು ಸಣ್ಣದಲ್ಲ.

• ಘಾಟಿಗೆ ಪೋಸ್ಟಿಂಗ್ ಆದವರು ಫಲಕಗಳನ್ನು ಎರಡು ಸಲ ತೊಳೆಸಿ, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಲ್ಲಿ ಎಂಥ ದುಬಾರಿ ಶೀಟಿನ ಮೇಲೂ ಪಾಚಿ ಹತ್ತುತ್ತದೆ. ಮೆತ್ತನೆಯ ಬಟ್ಟೆ, ಸೋಪು ನೀರು ಸಾಕು; ಗೀರುವ ಬ್ರಷ್ ಬೇಡ. ಮಂಜು ಕವಿದ ತಿರುವಿನಲ್ಲಿ ಚಾಲಕ ನೆಚ್ಚಿಕೊಳ್ಳುವುದು ಕಪ್ಪು–ಹಳದಿ ಬಾಣಪಟ್ಟಿಗಳನ್ನು. ಒಂದೇ ಪಟ್ಟಿಯಿಂದ ತಿರುವಿನ ಬಳುಕು ತಿಳಿಯುವುದಿಲ್ಲ, ಒಮ್ಮೆಗೆ ಎರಡು ಮೂರು ಕಣ್ಣಿಗೆ ಬೀಳುವಂತೆ ಸಾಲಾಗಿ ನೆಡಿ.

• ಕೆಲಸ ಮುಗಿದ ಸಂಜೆಯೇ ‘ಕಾಮಗಾರಿ ಪ್ರಗತಿಯಲ್ಲಿದೆ’ ಫಲಕ ಕೀಳಿಸಿ. ಮುಗಿದ ಕಾಮಗಾರಿಯ ಬೋರ್ಡು ತಿಂಗಳುಗಟ್ಟಲೆ ನಿಂತರೆ, ನಿಜವಾಗಿ ರಸ್ತೆ ಅಗೆದ ದಿನ ಯಾರೂ ನಂಬುವುದಿಲ್ಲ. ಡೈವರ್ಷನ್ನಿಗೆ ಸುಣ್ಣ ಬಳಿದ ಕಲ್ಲು, ಕಡಿದ ಸೊಪ್ಪಿನ ಕೊಂಬೆ ಇಟ್ಟು ಮನೆಗೆ ಹೋಗುವ ಗುತ್ತಿಗೆದಾರರನ್ನು ಖಂಡಿತ ಸಹಿಸಬೇಡಿ. ಬೈಕಿನವರು ಸಾಯುವುದು ಆ ಕಲ್ಲಿಗೇ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿದೆ: ಸುರಕ್ಷತಾ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ಗುತ್ತಿಗೆದಾರರಿಗೂ ಹೊಣೆ ಹೊತ್ತ ಅಧಿಕಾರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ. ಕೆಲಸದ ಆದೇಶದೊಂದಿಗೆ ಇದನ್ನೂ ಬರೆದು ಕೊಡಿ.

• ಬೋರ್ಡಿಗೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರೆ ಯಾರ ಮುಖವೆಂದು ನೋಡದೆ ಬಿಚ್ಚಿಸಿ.

• ಬೋರ್ಡು ಎಲ್ಲಿ ಬೇಕೆಂದು ರಸ್ತೆಯೇ ಹೇಳುತ್ತದೆ. ಟಯರು ಉಜ್ಜಿದ ಕಪ್ಪು ಗುರುತು, ಮುರಿದ ಮೋರಿಕಟ್ಟೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿದ್ದ ಗಾಜಿನ ಚೂರು ಕಂಡಲ್ಲಿ ಇಳಿದು ನೋಡಿ. ರಾತ್ರಿ ಬಸ್ಸಿನ ಚಾಲಕರನ್ನು, 108 ಆಂಬುಲೆನ್ಸಿನವರನ್ನು ಕೇಳಿ. ಅವರು ಕೈ ತೋರಿಸಿ ಹೇಳಿದ ಜಾಗವನ್ನು ಅಲ್ಲೇ ಕಿಲೋಮೀಟರ್ ಸಮೇತ ಬರೆದುಕೊಳ್ಳಿ.

• ಅಲ್ಯೂಮಿನಿಯಂ ತಗಡು ಕಳುವಾಗುತ್ತದೆ. ಬಿಚ್ಚಲಾಗದ ಬೋಲ್ಟು ಹಾಕಿಸಿ, ಕಂಬದ ಬುಡಕ್ಕೆ ಕಾಂಕ್ರೀಟು ತುಂಬುವಾಗ ಎದುರಿಗೇ ಇರಿ. ವರ್ಗವಾಗಿ ಹೊರಡುವಾಗ ಯಾವ ಬೋರ್ಡು ಎಲ್ಲಿದೆ, ಯಾವಾಗ ನೆಟ್ಟದ್ದು, ರಾತ್ರಿ ಹೇಗೆ ಕಾಣುತ್ತದೆ ಎಂಬ ಪಟ್ಟಿಯನ್ನು ಫೋಟೋ ಸಹಿತ ಮುಂದೆ ಬರುವವರ ಕೈಗೇ ಕೊಡಿ. ಕಳುವಾದದ್ದನ್ನೂ ಮಂಕಾದದ್ದನ್ನೂ ಕೆಂಪು ಶಾಯಿಯಲ್ಲಿ ಗುರುತು ಮಾಡಿರಿ, ಮೊದಲ ವಾರದಲ್ಲೇ ಅವರು ಅಲ್ಲಿಗೆ ಹೋಗಲಿ.