ಬಯಾಪ್ಸಿ ನಾರ್ಮಲ್ ಬಂದರೂ ಮತ್ತೊಂದು ಪರೀಕ್ಷೆ ಯಾಕೆ?

ಪ್ರಶ್ನೆ: ನಮ್ಮ ಅವ್ವನಿಗೆ 56 ವರ್ಷ. ಎಂಡೋಸ್ಕೋಪಿಯಲ್ಲಿ ಜಠರದೊಳಗೆ ಎರಡೂವರೆ ಸೆಂ.ಮೀ. ಗಂಟು ಕಂಡಿದೆ. ಬಯಾಪ್ಸಿ ನಾರ್ಮಲ್. ಶಹಾಪುರದಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಆಗಿದೆ. ಆದರೂ ಡಾಕ್ಟರು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿ ಅನ್ನುತ್ತಾರೆ. ಕ್ಯಾನ್ಸರ್ ಮುಚ್ಚಿಡುತ್ತಿದ್ದಾರೆಯೇ? ಹತ್ತಿ ಬಿಡಿಸಿದ ಮೇಲೆ ಹೋದರೆ ನಡೆಯುತ್ತದೆಯೇ?
– ಓದುಗರು, ಸುರಪುರ ತಾಲ್ಲೂಕು

ಉತ್ತರ: ಡಾಕ್ಟರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಲು ಈ ಸಲಹೆ ಕಾರಣವಲ್ಲ. ಸರಿಯಾದ ಸಲಹೆಯನ್ನೇ ಕೊಟ್ಟಿದ್ದಾರೆ.

ಜಠರದ ಗೋಡೆ ನಮ್ಮ ಕಡೆಯ ಕೌದಿಯಂತೆ ಪದರ ಪದರವಾಗಿದೆ. ಸಾಮಾನ್ಯ ಬಯಾಪ್ಸಿಗೆ ಸಿಗುವುದು ಮೇಲಿನ ಪದರದ ಚೂರು ಮಾತ್ರ. ಗಂಟು ಅದಕ್ಕಿಂತ ಆಳದ ಪದರದಲ್ಲಿದ್ದರೆ ರಿಪೋರ್ಟ್ ನಾರ್ಮಲ್ ಬರಬಹುದು. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ಗೂ ಈ ಪದರಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಕೊಳವೆಯ ತುದಿಯಲ್ಲೇ ಸ್ಕ್ಯಾನರ್ ಇರುತ್ತದೆ. ಅದು ಜಠರದೊಳಗೇ ಹೋಗಿ, ಗೋಡೆಯ ಐದು ಪದರಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ.

ಮೂರನೇ ಪದರದಲ್ಲಿ ಬೆಳ್ಳಗೆ ಹೊಳೆದರೆ ಅದು ಬಹುತೇಕ ಕೊಬ್ಬಿನ ಗಂಟು, ಲೈಪೋಮಾ. ತೊಂದರೆ ಕೊಡದಿದ್ದರೆ ಬಿಟ್ಟುಬಿಡಬಹುದು. ನಾಲ್ಕನೇ ಪದರದಲ್ಲಿ, ಅಂದರೆ ಸ್ನಾಯುವಿನಲ್ಲಿ, ಕಪ್ಪಗೆ ಕಂಡರೆ ಜಿಸ್ಟ್ ಎಂಬ, ಕ್ಯಾನ್ಸರ್ ಆಗಬಲ್ಲ ಗಡ್ಡೆ ಇರಬಹುದು, ನಿರಪಾಯದ ಲಿಯೋಮಯೋಮಾ ಕೂಡ ಇರಬಹುದು. ಇವೆರಡರಲ್ಲಿ ಯಾವುದೆಂದು ಚಿತ್ರ ನೋಡಿಯೇ ಖಚಿತವಾಗಿ ಹೇಳಲಾಗದು. ಆಗ ಅದೇ ಕೊಳವೆಯ ಮೂಲಕ ಸಣ್ಣ ಸೂಜಿ ಹಾಕಿ ಗಂಟಿನ ಚೂರು ತೆಗೆಯುತ್ತಾರೆ. ಆ ಚೂರಿನ ಮೇಲೆ ಮಾಡುವ ಸಿಡಿ117, ಡಾಗ್1 ಎಂಬ ಪರೀಕ್ಷೆಗಳು ಪಾಸಿಟಿವ್ ಆದರೆ ಸಾಮಾನ್ಯವಾಗಿ ಜಿಸ್ಟ್.

ಜಿಸ್ಟ್ ಎಂದ ಕೂಡಲೇ ಎದೆಗುಂದಬೇಡಿ. ಎರಡು ಸೆಂ.ಮೀ.ಗಿಂತ ದೊಡ್ಡದನ್ನು ಸಾಮಾನ್ಯವಾಗಿ ತೆಗೆಯುತ್ತಾರೆ. ಈ ಗಾತ್ರದ ಗಂಟಿಗೆ ಇಡೀ ಜಠರ ತೆಗೆಯಬೇಕಾಗುವುದು ಅಪರೂಪ. ಹರಡಿದ್ದರೂ ಇಮ್ಯಾಟಿನಿಬ್ ಮಾತ್ರೆಯಿದೆ.

ಬೆಂಗಳೂರು, ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಆಗುತ್ತದೆ. ಹೊರಡುವ ಮುನ್ನ ಯಾದಗಿರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡ್ ತೋರಿಸಿ, ರೆಫರಲ್ ಚೀಟಿ ಸಿಗುತ್ತದೆಯೇ, ಯಾವ ಖರ್ಚು ಸೇರುತ್ತದೆ ಎಂದು ಕೇಳಿ. ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ತಾವಾಗಿ ನಿಲ್ಲಿಸಬೇಡಿ.

ಹತ್ತಿ ಮುಗಿಯಲಿ ಎಂದು ತಿಂಗಳುಗಟ್ಟಲೆ ಮುಂದೂಡಬೇಡಿ. ಈಗಲೇ ದಿನಾಂಕ ಪಡೆಯಿರಿ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತವಾಂತಿ ಆದರೆ, ಕಣ್ಣು ಕತ್ತಲೆ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪರೀಕ್ಷೆ ಮುಗಿದ ಮೇಲೆ ಡಾಕ್ಟರನ್ನು ಮೂರು ಮಾತು ಕೇಳಿ ಬರೆದುಕೊಳ್ಳಿ: ಗಂಟು ಯಾವ ಪದರದ್ದು, ಸೂಜಿಯ ಪರೀಕ್ಷೆ ಏನು ಹೇಳಿತು, ಮತ್ತೆ ಯಾವಾಗ ಬರಬೇಕು?